ಕಟ್ಟಡವೊಂದರ ಹಲವು ಬಾಳು: ಮದರಾಸಿನ ಮೌಂಟ್ ರಸ್ತೆ

ಹಳೆಯ ಕಟ್ಟಡವನ್ನು ಕುರಿತ ಪಾಠ ಸಾಮಾನ್ಯವಾಗಿ ಕಟ್ಟಿಸಿದವರ ಹೆಸರು ಮತ್ತು ಇಸವಿಯೊಂದಿಗೆ ಮುಗಿಯುತ್ತದೆ. ಆದರೆ ಕಟ್ಟಡದ ಬಾಳು ಆರಂಭವಾಗುವುದು ಕಟ್ಟಿ ಮುಗಿದ ಮೇಲೆಯೇ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಕೆಲಸಕ್ಕೆ ಒದಗಿತು ಎಂಬುದರಲ್ಲಿ ಸಮಾಜದ ಚರಿತ್ರೆ ಅಡಗಿರುತ್ತದೆ. ಇದನ್ನು ತಿಳಿಸಲು ಮದರಾಸಿನ, ಅಂದರೆ ಇಂದಿನ ಚೆನ್ನೈಯ, ಮೌಂಟ್ ರಸ್ತೆ ಒಳ್ಳೆಯ ಉದಾಹರಣೆ. ಸೇಂಟ್ ಜಾರ್ಜ್ ಕೋಟೆಯ ಕಡೆಯಿಂದ ಸೇಂಟ್ ಥಾಮಸ್ ಬೆಟ್ಟದತ್ತ ಸಾಗುವ ದಾರಿಯಾದ್ದರಿಂದ ಅದಕ್ಕೆ ಆ ಹೆಸರು ಬಂದಿತು. ಈಗ ಅದು ಅಣ್ಣಾ ಸಾಲೈ. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗ, ಮಡಕಶಿರಾಗಳೆಲ್ಲ ಒಂದು ಕಾಲದಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಆದಕಾರಣ ಈ ರಸ್ತೆಯ ಕಥೆ ಅಲ್ಲಿನ ಮಕ್ಕಳಿಗೆ ಪರರ ಕಥೆಯಲ್ಲ.

ರಸ್ತೆಯ ಬದಿಯ ಸರಕಾರಿ ಆವರಣದಲ್ಲಿರುವ ರಾಜಾಜಿ ಸಭಾಂಗಣ 1802ರಲ್ಲಿ ಪೂರ್ಣಗೊಂಡಿತು. ಗವರ್ನರ್ ಎಡ್ವರ್ಡ್ ಕ್ಲೈವನ ಕಾಲದಲ್ಲಿ ಇದನ್ನು ಗ್ರೀಕ್ ದೇವಾಲಯದ ಮಾದರಿಯಲ್ಲಿ ರೂಪಿಸಿದವನು ಕಂಪನಿಯ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್. ಪ್ಲಾಸಿಯ ಗೆಲುವು ಮತ್ತು 1799ರಲ್ಲಿ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣ ಬಿದ್ದ ಗೆಲುವು, ಇವೆರಡರ ಸ್ಮರಣೆಗಾಗಿ ಕಟ್ಟಿದ ಔತಣಶಾಲೆ ಇದು. ಅದೇ ಶಾಲೆಯಲ್ಲಿ 1938–39ರಲ್ಲಿ ಮದರಾಸಿನ ವಿಧಾನಸಭೆ ಸೇರಿತು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳ ಪ್ರತಿನಿಧಿಗಳೂ ಆ ಸಭೆಯ ಸದಸ್ಯರಾಗಿದ್ದರು. ಕನ್ನಡ ನಾಡಿನ ಸೋಲಿನ ನೆನಪಿಗೆ ಎದ್ದ ಮಾಡಿನಡಿಯಲ್ಲಿ ಕನ್ನಡ ಜಿಲ್ಲೆಗಳ ಚುನಾಯಿತರು ಕುಳಿತರು. ಸ್ವಾತಂತ್ರ್ಯದ ಬಳಿಕ 1948ರಲ್ಲಿ ಅದಕ್ಕೆ ರಾಜಾಜಿಯವರ ಹೆಸರಿಡಲಾಯಿತು. ಮುಂದೆ ಅಣ್ಣಾದೊರೈ ಮೊದಲಾದ ಮುಖ್ಯಮಂತ್ರಿಗಳಿಗೆ ಜನಸಾಮಾನ್ಯರು ಕೊನೆಯ ನಮನ ಸಲ್ಲಿಸಿದ್ದು ಇದರ ಮೆಟ್ಟಿಲುಗಳ ಬಳಿಯೇ.

ಎಲ್ಲ ಬದಲಾವಣೆಗಳಿಗೂ ರಾಜಕೀಯವೇ ಕಾರಣವಲ್ಲ. 1913ರಲ್ಲಿ ಆರಂಭವಾದ ಎಲೆಕ್ಟ್ರಿಕ್ ಥಿಯೇಟರ್ ಎಂಬ ಮೂಕಿಚಿತ್ರಮಂದಿರ ಎರಡೇ ವರ್ಷಗಳಲ್ಲಿ ಮುಚ್ಚಿತು. 1915ರಲ್ಲಿ ಅಂಚೆ ಇಲಾಖೆ ಅದನ್ನು ಕೊಂಡಿತು. ಚಿತ್ರ ನೋಡಲು ಕಟ್ಟಿದ ಮನೆ ಮುಂದೆ ಅಂಚೆಚೀಟಿ ಸಂಗ್ರಾಹಕರ ಕಚೇರಿಯಾಯಿತು. ಇದಕ್ಕೆ ತದ್ವಿರುದ್ಧವಾದ ನಿದರ್ಶನ ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ. 1844ರಲ್ಲಿ ಹುಟ್ಟಿದ ಆ ಸಂಸ್ಥೆ 1904ರ ಕಟ್ಟಡದಲ್ಲಿ ಪುಸ್ತಕ ಮಾರಾಟವನ್ನೇ ಮುಂದುವರಿಸಿಕೊಂಡು ಬಂದಿದೆ.

ರಾಜಾಜಿ ಸಭಾಂಗಣದ ನೆರೆಯಲ್ಲಿದ್ದ ಗವರ್ನರರ ಹಳೆಯ ನಿವಾಸಕ್ಕೆ ಅಂತಹ ಭಾಗ್ಯವಿರಲಿಲ್ಲ. ಹೊಸ ವಿಧಾನಸಭೆ ಮತ್ತು ಸಚಿವಾಲಯಕ್ಕೆ ಜಾಗ ಮಾಡಲು ಅದನ್ನು ಕೆಡವಲಾಯಿತು. ಹೊಸ ಭವನ 2010ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು. ಮರುವರ್ಷ ಸರಕಾರ ಬದಲಾಯಿತು. ವಿಧಾನಸಭೆ ಮರಳಿ ಕೋಟೆಗೆ ಹೋಯಿತು. 2014ರಲ್ಲಿ ಅದೇ ಭವನ ಸರಕಾರಿ ಆಸ್ಪತ್ರೆಯಾಗಿ ತೆರೆಯಿತು. ಶಾಸನ ಮಾಡಲು ಕಟ್ಟಿದ ಕಡೆ ಇಂದು ಶಸ್ತ್ರಚಿಕಿತ್ಸೆ ನಡೆಯುತ್ತದೆ.

1897ರಲ್ಲಿ ಡಬ್ಲ್ಯು. ಇ. ಸ್ಮಿತ್ ಎಂಬ ಔಷಧ ವ್ಯಾಪಾರಿಯ ಮಳಿಗೆಯಾಗಿ ಎದ್ದ ಕಟ್ಟಡ 1934ರಲ್ಲಿ ಭಾರತ್ ಇನ್ಶೂರೆನ್ಸ್ ಕಂಪನಿಗೆ ಸೇರಿತು. ವಿಮೆಯ ರಾಷ್ಟ್ರೀಕರಣದಿಂದ ಜೀವವಿಮಾ ನಿಗಮದ ಪಾಲಾಯಿತು. 2006ರಲ್ಲಿ ಅದನ್ನು ಕೆಡಹುವ ಕೆಲಸ ಆರಂಭವಾದಾಗ ಪರಂಪರೆಯ ಪರವಾಗಿ ನಿಂತವರು ನ್ಯಾಯಾಲಯದ ಮೊರೆಹೊಕ್ಕರು. 2010ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ತೀರ್ಪು ಅದನ್ನು ಉಳಿಸಿತು. ಆದರೆ ನ್ಯಾಯಾಲಯದ ತೀರ್ಪು ಹಾರೆಯನ್ನು ತಡೆಯಬಲ್ಲುದೇ ಹೊರತು ಕಟ್ಟಡಕ್ಕೆ ಕೆಲಸ ಕೊಡಲಾರದು. ಜನರ ಓಡಾಟವಿಲ್ಲದ ಮನೆ ಮಳೆಗೂ ಗೆದ್ದಲಿಗೂ ಬೇಗ ತುತ್ತಾಗುತ್ತದೆ.

ಈ ವಿಷಯವನ್ನು ತರಗತಿಗೆ ತರಲು ಚೆನ್ನೈಗೆ ಹೋಗಬೇಕಾಗಿಲ್ಲ. ಶಾಲೆಯಿರುವ ಊರಿನ ಹಳೆಯ ಕಚೇರಿ, ಛತ್ರ, ಚಾವಡಿ, ಗರಡಿಮನೆ, ಯಾವುದಾದರೂ ಒಂದು ಸಾಕು. ಅದನ್ನು ಯಾರು ಕಟ್ಟಿಸಿದರು? ಯಾರಿಗೆ ಒಳಗೆ ಪ್ರವೇಶವಿತ್ತು? ಈಗ ಅಲ್ಲಿ ಏನು ನಡೆಯುತ್ತದೆ? ಬದಲಾವಣೆಯನ್ನು ನಿರ್ಧರಿಸಿದವರು ಯಾರು? ಮಕ್ಕಳು ಈ ನಾಲ್ಕು ಪ್ರಶ್ನೆಗಳನ್ನು ಹಿರಿಯರಲ್ಲಿ ಕೇಳಿ, ಅವರು ಬಳಸಿದ ಮಾತುಗಳಲ್ಲಿಯೇ ಬರೆದು ತರಲಿ. ಹೊರಗಿನ ಫಲಕ ತಮಿಳು, ತೆಲುಗು, ಮಲಯಾಳ ಅಥವಾ ಮರಾಠಿಯಲ್ಲಿದ್ದರೂ ಮನೆಯ ಹಿರಿಯರು ಆ ಕಟ್ಟಡವನ್ನು ಕನ್ನಡದ ಹಳೆಯ ಹೆಸರಿನಿಂದಲೇ ಕರೆಯುತ್ತಿರುವುದುಂಟು. ಬಳಕೆ ಬದಲಾದರೂ ಆ ಹೆಸರು ಉಳಿಯುತ್ತದೆ. ಕಟ್ಟಡ ಬಿದ್ದ ಮೇಲೆ ಅದನ್ನು ಆಡುವ ಸಂದರ್ಭವೇ ಇಲ್ಲವಾಗುತ್ತದೆ. ಮಗುವಿನ ಪುಟದಲ್ಲಿ ಬರೆದಿಟ್ಟ ಹೆಸರು ಮಾತ್ರ ಆಗಲೂ ಓದಲು ಸಿಗುತ್ತದೆ.