ಬ್ಲೇಡ್ ಹೆಚ್ಚಿಸಿದ್ರೆ ಗ್ರಿಪ್ ಹೆಚ್ಚಾಗಲ್ಲ! ಹಿಂದಿನ ಗಾಲಿ ಕುಣಿಯೋದ್ಯಾಕೆ? ಮಸ್ಟಾಂಗ್‌ನಿಂದ ನಮ್ಮ ಪಿಕಪ್‌ವರೆಗೆ ಒಂದೇ ಲೆಕ್ಕ

ಅಮೆರಿಕದ ಡ್ರ್ಯಾಗ್ ರೇಸ್ ವಿಡಿಯೊಗಳನ್ನು ಮೊಬೈಲ್‌ನಲ್ಲಿ ನೋಡಿದವರಿಗೆ ಈ ದೃಶ್ಯ ಗೊತ್ತಿರುತ್ತೆ. ಹಸಿರು ದೀಪ ಬಿದ್ದ ಕೂಡಲೇ ಫೋರ್ಡ್ ಮಸ್ಟಾಂಗ್ ಕಾರಿನ ಹಿಂದಿನ ಗಾಲಿಗಳು ಮುಂದಕ್ಕೆ ಓಡೋ ಬದಲು ಡಬಡಬ ಅಂತ ನೆಗೆಯೋಕೆ ಶುರು ಮಾಡ್ತವೆ. ಅಷ್ಟರಲ್ಲಿ ಪಕ್ಕದ ಕಾರು ಮುಂದೆ ಹೋಗಿರುತ್ತೆ. ಇದಕ್ಕೆ 'ವೀಲ್ ಹಾಪ್' ಅಂತಾರೆ. ಮಳೆಗಾಲದಲ್ಲಿ ಖಾಲಿ ಪಿಕಪ್ ಏರು ಹತ್ತುವಾಗ ಹಿಂದಿನ ಗಾಲಿ ಜಾರಿ, ಕೆಳಗೆ ದಡದಡ ಸದ್ದು ಬರೋದೂ ಇದರದ್ದೇ ತಮ್ಮ.

ಇದು ರೇಸ್ ಕಾರಿನವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ದಿನಸಿ, ಗೊಬ್ಬರ, ಸಿಮೆಂಟ್ ಸಾಗಿಸೋ ಅಂಗಡಿಯವರ ಜೇಬಿಗೂ, ಚಾಲಕರ ಜೀವಕ್ಕೂ ಸಂಬಂಧ ಇರೋ ವಿಷಯ.

ಗಾಲಿ ನೆಗೆಯೋದು ಹೇಗೆ?

ಟ್ರ್ಯಾಕ್ಟರ್‌ನ ಹಿಂದಿನ ಗಾಲಿ ಕೆಸರಲ್ಲಿ ಹೂತಾಗ ಜೋರಾಗಿ ಕ್ಲಚ್ ಬಿಟ್ರೆ ಮುಂದಿನ ಮೂತಿ ಮೇಲೇಳುತ್ತೆ. ಎಂಜಿನ್ ಗಾಲಿಯನ್ನು ಮುಂದಕ್ಕೆ ತಿರುಗಿಸಿದಷ್ಟೇ ಬಲದಿಂದ ಗಾಡಿಯ ಮೈಯನ್ನು ಹಿಂದಕ್ಕೆ ತಿರುಚುತ್ತೆ. ಹಿಂದಿನ ಗಾಲಿ ಎಳೆಯೋ ಕಾರು, ಪಿಕಪ್‌ಗಳಲ್ಲಿ ಈ ತಿರುಚು ಮೊದಲು ಬೀಳೋದು ಹಿಂದಿನ ಹೌಸಿಂಗ್ ಮೇಲೆ. ಅದರ ಮುಂದಿನ ತುದಿ, ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ ಸೇರೋ ಜಾಗ, ಮೇಲಕ್ಕೆ ಏಳುತ್ತೆ.

ಆಗ ಬ್ಲೇಡ್ ಸೆಟ್ ಹಾವಿನಂತೆ ಬಳುಕುತ್ತೆ. ಒಂದು ಹಂತದಲ್ಲಿ ಟೈರ್ ಹಿಡಿತ ತಪ್ಪುತ್ತೆ. ತಕ್ಷಣ ಬ್ಲೇಡ್ ಪಟ್ ಅಂತ ಹಿಂದಕ್ಕೆ ಬರುತ್ತೆ, ಟೈರ್ ಮತ್ತೆ ನೆಲ ಕಚ್ಚುತ್ತೆ, ಮತ್ತೆ ತಿರುಚುತ್ತೆ. ಒಂದು ಸೆಕೆಂಡಿನಲ್ಲೇ ಇದು ಹಲವು ಬಾರಿ ನಡೆಯುತ್ತೆ. ಪ್ರತಿ ಏಟು ಬೀಳೋದು ಎಕ್ಸೆಲ್, ಕ್ರಾಸ್, ಡಿಫರೆನ್ಶಿಯಲ್ ಹಲ್ಲುಗಳ ಮೇಲೆ. ಗಾಲಿ ಕುಣಿಯುವಾಗ ಆಕ್ಸಿಲರೇಟರ್ ಇನ್ನೂ ಒತ್ತಿದ್ರೆ ಇವುಗಳಲ್ಲಿ ಯಾವುದಾದರೂ ಮುರಿದು ಗಾಡಿ ಅಲ್ಲೇ ನಿಲ್ಲಬಹುದು.

ಮಸ್ಟಾಂಗ್‌ನವರು ಏನು ಮಾಡಿದ್ರು?

1964ರಲ್ಲಿ ಬಂದ ಮೊದಲ ಮಸ್ಟಾಂಗ್‌ನ ಹಿಂಭಾಗದಲ್ಲಿ ಇದ್ದದ್ದು ಬ್ಲೇಡ್ ಸೆಟ್ಟೇ. 1965ರಲ್ಲಿ ಕ್ಯಾರೊಲ್ ಶೆಲ್ಬಿ ಅದೇ ಕಾರನ್ನು ರೇಸ್‌ಗಾಗಿ ಜಿಟಿ 350 ಮಾಡಿದಾಗ ಹೌಸಿಂಗ್‌ಗೆ ಟ್ರ್ಯಾಕ್ಷನ್ ಬಾರ್ ಹಾಕಿಸಿದರು. ಹೌಸಿಂಗ್ ತಿರುಚದಂತೆ ಹಿಡಿದಿಡೋ ಕಬ್ಬಿಣದ ಸಲಾಕೆ ಅದು. ಬ್ಲೇಡ್ ಭಾರ ಹೊತ್ತರೆ, ತಿರುಚನ್ನು ಸಲಾಕೆ ತಡೆಯುತ್ತೆ.

1979ರ ಮಾದರಿಯಿಂದ ಕಾಯಿಲ್ ಸ್ಪ್ರಿಂಗ್ ಬಂತು, ಹೌಸಿಂಗ್ ಹಿಡಿಯೋಕೆ ನಾಲ್ಕು ಆರ್ಮ್ ಬಂದವು. 2005ರಿಂದ 2014ರವರೆಗೆ ಮೂರು ಆರ್ಮ್, ಜೊತೆಗೆ ಹೌಸಿಂಗ್ ಪಕ್ಕಕ್ಕೆ ಸರಿಯದಂತೆ ಒಂದು ಅಡ್ಡ ರಾಡ್. 2015ರಲ್ಲಿ ಎರಡೂ ಗಾಲಿ ಬೇರೆ ಬೇರೆಯಾಗಿ ಆಡೋ ವ್ಯವಸ್ಥೆ ಬಂತು. 2016ರಲ್ಲಿ ಭಾರತಕ್ಕೆ ಬಂದ ಮಸ್ಟಾಂಗ್ ಇದೇ ಬಗೆಯದು.

2005ರ ನಂತರದ ಕಾರುಗಳಿಗೆ ರೇಸ್‌ನವರು ಸಾಮಾನ್ಯವಾಗಿ ಮೊದಲು ಬದಲಿಸೋದು ಕೆಳಗಿನ ಆರ್ಮ್. ಕಂಪನಿ ಕೊಟ್ಟ ಮಡಚಿದ ತಗಡಿನ ಆರ್ಮ್ ತೆಗೆದು ಗಟ್ಟಿ ಪೈಪಿನದು ಹಾಕ್ತಾರೆ. ಮೆತ್ತನೆ ರಬ್ಬರ್ ಬುಷ್ ಬದಲು ಗಟ್ಟಿ ಪಾಲಿಯುರೆಥೇನ್ ಬುಷ್ ಕೂರಿಸ್ತಾರೆ. ಕಾರು ತಗ್ಗಿಸಿದ್ದರೆ ಆರ್ಮ್‌ನ ಹಿಂದಿನ ತುದಿಯನ್ನು ಬ್ರಾಕೆಟ್ ಹಾಕಿ ಕೆಳಗಿಳಿಸ್ತಾರೆ. ಆಗ ಆರ್ಮ್ ಮುಂದಕ್ಕೆ ಮೇಲ್ಮುಖವಾಗಿ ನಿಲ್ಲುತ್ತೆ, ಆಕ್ಸಿಲರೇಟರ್ ಒತ್ತಿದಾಗ ಟೈರನ್ನು ನೆಲಕ್ಕೆ ಅದುಮುತ್ತೆ.

ಗಟ್ಟಿ ಮಾಡಿದಷ್ಟೂ ಒಳ್ಳೇದಾ?

ಅಲ್ಲ. ಗಟ್ಟಿ ಬುಷ್ ಹಾಕಿದ್ರೆ ಸದ್ದು, ಅದುರು ಒಳಗೆ ಬರುತ್ತೆ. 1979ರಿಂದ 2004ರವರೆಗಿನ ನಾಲ್ಕು ಆರ್ಮ್ ಕಾರುಗಳಲ್ಲಿ ಮೇಲಿನ ಆರ್ಮ್‌ಗೂ ಗಟ್ಟಿ ಬುಷ್ ಹಾಕಿದ್ರೆ ತಿರುವಿನಲ್ಲಿ ಹೌಸಿಂಗ್ ಬಿಗಿದುಕೊಂಡು, ಕಾರಿನ ಹಿಂಭಾಗ ದಿಢೀರ್ ಅಂತ ಹೊರಕ್ಕೆ ಎಸೆಯೋ ಅಪಾಯ ಇದೆ. ತಿರುಚು ತಡೀಬೇಕು, ಆದ್ರೆ ಗಾಲಿಗೆ ಮೇಲೆ ಕೆಳಗೆ ಆಡೋ ಸ್ವಾತಂತ್ರ್ಯ ಇರಬೇಕು.

ನಮ್ಮಲ್ಲಿ ಆಗೋ ತಪ್ಪು

ಬೊಲೆರೊ ಪಿಕಪ್, ಟಾಟಾ ಏಸ್ ಹಿಂಭಾಗದಲ್ಲಿ ಇವತ್ತಿಗೂ ಬ್ಲೇಡ್ ಸೆಟ್ ಇದೆ. ಲೋಡ್ ಜಾಸ್ತಿ ಹಾಕಬಹುದು ಅಂತ ಕೆಲವರು ಎಕ್ಸ್‌ಟ್ರಾ ಬ್ಲೇಡ್ ಹಾಕಿಸ್ತಾರೆ. ತುಂಬಿದ ಗಾಡಿ ಕುಸಿಯಲ್ಲ, ನಿಜ. ಆದ್ರೆ ಖಾಲಿ ವಾಪಸ್ ಬರುವಾಗ ಹಿಂಭಾಗದಲ್ಲಿ ಭಾರವೇ ಇರಲ್ಲ, ಬ್ಲೇಡ್ ಬಗ್ಗೋದೇ ಇಲ್ಲ. ಗುಂಡಿ ಬಂದಾಗ ಗಾಲಿ ನೆಲ ಬಿಟ್ಟು ನೆಗೆಯುತ್ತೆ. ಗಾಳಿಯಲ್ಲಿರೋ ಟೈರ್‌ಗೆ ಎಳೆಯೋಕೂ ಆಗಲ್ಲ, ಬ್ರೇಕ್ ಹಿಡಿಯೋಕೂ ಆಗಲ್ಲ. ಒದ್ದೆ ರಸ್ತೆಯ ತಿರುವಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಬ್ಲೇಡ್ ಹೆಚ್ಚಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿರೋ ತೂಕದ ಮಿತಿ ಹೆಚ್ಚಲ್ಲ. ಬ್ರೇಕ್, ಟೈರ್, ಚಾಸಿ ಅಷ್ಟೇ ಇರ್ತವೆ.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಳೇ ಪಾರ್ಟ್ ತೆಗೆದು ಅದೇ ಅಳತೆಯ ಹೊಸದು ಹಾಕಿಸೋದು ರಿಪೇರಿ, ಅದಕ್ಕೆ ಅಡ್ಡಿಯಿಲ್ಲ.

ಗ್ರಿಪ್ ಬೇಕಾದ್ರೆ ಈ ಕ್ರಮದಲ್ಲಿ ನೋಡಿ

1. ಟೈರ್: ಗೆರೆ ಸವೆದಿದ್ರೆ ಉಳಿದ ಖರ್ಚೆಲ್ಲ ವ್ಯರ್ಥ. ಗಾಳಿ ಕಂಪನಿ ಹೇಳಿದಷ್ಟೇ ಇರಲಿ, ಖಾಲಿ ಮತ್ತು ಲೋಡ್‌ಗೆ ಬೇರೆ ಬೇರೆ ಕೊಟ್ಟಿದ್ರೆ ಪಾಲಿಸಿ.

2. ಶಾಕ್ ಅಬ್ಸಾರ್ಬರ್: ಎಣ್ಣೆ ಸೋರಿದ್ರೆ ಅಥವಾ ಟೈರ್ ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ರೆ ಜೋಡಿಯಾಗಿ ಬದಲಿಸಿ.

3. ಬುಷ್ ಮತ್ತು ಯೂ ಬೋಲ್ಟ್: ಬುಷ್ ಹರಿದಿದ್ರೆ, ಬೋಲ್ಟ್ ಸಡಿಲ ಆಗಿದ್ರೆ ಹೌಸಿಂಗ್ ಜಾಗ ಬಿಟ್ಟು ಸರಿಯುತ್ತೆ.

4. ಬ್ಲೇಡ್: ಬಿರುಕು ಬಿಟ್ಟಿದ್ರೆ, ಕೂತುಹೋಗಿದ್ರೆ ಅದೇ ಮಾದರಿಯ ಸೆಟ್ ಹಾಕಿಸಿ.

ಏರಿನಲ್ಲಿ ಗಾಲಿ ಕುಣಿಯೋಕೆ ಶುರುವಾದ್ರೆ ಮೊದಲು ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಆಮೇಲೆ ನಿಧಾನಕ್ಕೆ ಮತ್ತೆ ಎತ್ತಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಎಕ್ಸೆಲ್ ಉಳಿಯುತ್ತೆ.