ಸ್ಟಿಕ್ಕರ್ ಇಲ್ಲದ ಅಳತೆಗಾರ

ಪೀಣ್ಯದ ದೊಡ್ಡ ಮಷೀನ್ ಶಾಪುಗಳಲ್ಲಿ ಒಂದು ಗಾಜಿನ ಕೋಣೆ ಇರುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ಎ.ಸಿ. 20 ಡಿಗ್ರಿಗೆ ನಿಂತಿರುತ್ತದೆ. ಅಲ್ಲಿ ಕೂರುವವರ ಸುಖಕ್ಕೆಂದು ತಿಳಿಯಬೇಡಿ, ಉದ್ದ ಅಳೆಯಲು ಜಗತ್ತೆಲ್ಲ ಒಪ್ಪಿಕೊಂಡ ತಾಪಮಾನ ಅದು. ನಡುವೆ ಗ್ರಾನೈಟ್ ಮೇಜು, ಮೇಲೊಂದು ಸೇತುವೆಯಂಥ ಚೌಕಟ್ಟು, ಅದರಿಂದ ಇಳಿಬಿದ್ದ ಕಡ್ಡಿಯ ತುದಿಗೆ ಕೆಂಪು ಮಣಿ. ಮಣಿ ಮಾಣಿಕ್ಯದ್ದೇ, ಕೃತಕವಾಗಿ ಬೆಳೆಸಿದ್ದು. ಇದು ಕೋಆರ್ಡಿನೇಟ್ ಮೆಷರಿಂಗ್ ಮಷೀನ್. ಶಾಪಿನವರ ಬಾಯಲ್ಲಿ ಸಿಎಂಎಂ.

ಈ ಮಣಿ-ಕಡ್ಡಿಯ ಹೆಸರು ಪ್ರೋಬ್. ಸೋಕಿದೊಡನೆ ಸಂಕೇತ ಕೊಡುವ ಈ ಬಗೆಯ ಪ್ರೋಬನ್ನು 1970ರ ದಶಕದ ಆರಂಭದಲ್ಲಿ ರೂಪಿಸಿದವರು ರೋಲ್ಸ್ ರಾಯ್ಸ್‌ನಲ್ಲಿದ್ದ ಎಂಜಿನಿಯರ್ ಡೇವಿಡ್ ಮ್ಯಾಕ್‌ಮರ್ಟ್ರಿ. ಕಾಂಕಾರ್ಡ್ ವಿಮಾನದ ಎಂಜಿನ್ನಿಗೆ ಬೇಕಾದ ಇಂಧನ ಕೊಳವೆಗಳನ್ನು ಅಳೆಯುವುದು ಅವರ ಮುಂದಿದ್ದ ಸಮಸ್ಯೆ.

ಆದರೆ ಈ ಮಣಿಗೆ ಗೊತ್ತಿರುವುದು ಒಂದೇ: ತಾನು ಎಲ್ಲಿ ಸೋಕಿದೆ ಎಂಬುದು. ಬೋರ್, ಅಂದರೆ ಕೊರೆದ ರಂಧ್ರದ ಒಳಗೆ ಎಂಟು ಕಡೆ ಮುಟ್ಟಿದರೆ ಎಂಟು ಬಿಂದುಗಳು ಸಿಗುತ್ತವೆ, ಅಷ್ಟೇ. ಅವುಗಳ ನಡುವೆ ವೃತ್ತ ಎಳೆದು ವ್ಯಾಸ ಹೇಳುವುದು ಸಾಫ್ಟ್‌ವೇರ್.

ಯಾವ ವೃತ್ತ? ಬೋರ್ ಸ್ವಲ್ಪ ಅಂಡಾಕಾರವಾಗಿದೆ ಎನ್ನಿ: ಒಂದು ಕಡೆ 25.00 ಮಿ.ಮೀ., ಅಡ್ಡಕ್ಕೆ 25.02. ಎಲ್ಲ ಬಿಂದುಗಳಿಗೂ ಸರಾಸರಿ ಹೊಂದುವ ವೃತ್ತವನ್ನು ಸಾಫ್ಟ್‌ವೇರ್ ಆರಿಸಿಕೊಂಡರೆ ಉತ್ತರ ಸುಮಾರು 25.01. ಒಳಗೆ ಕೂರಬಲ್ಲ ಅತಿ ದೊಡ್ಡ ವೃತ್ತ ಹಾಕಿದರೆ 25.00. ಎರಡೂ ಲೆಕ್ಕ ಸರಿಯೇ. 25.005ರ ಪಿನ್ ಮಾತ್ರ ಆ ಬೋರಿಗೆ ಇಳಿಯುವುದಿಲ್ಲ. ಮೊದಲ ಉತ್ತರ ನಂಬಿ ಪಾಸ್ ಮಾಡಿದವನು ಜೋಡಣೆಯ ದಿನ ಬೈಸಿಕೊಳ್ಳುತ್ತಾನೆ.

ಇದು ಆಯ್ಕೆಯ ಎಡವಟ್ಟು. ಲೆಕ್ಕವೇ ಕೈಕೊಡುವುದೂ ಉಂಟು. ಮೂರು ಶಾಫ್ಟ್‌ಗಳ ಅಳತೆ 50.001, 50.002, 50.003. ಇವುಗಳ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯ ಸುತ್ತ ಚದುರಿರುವ ಮಟ್ಟ, 0.001 ಎಂದು ಕಣ್ಣಳತೆಗೇ ತಿಳಿಯುತ್ತದೆ. ಹಳೆಯ ಕ್ಯಾಲ್ಕುಲೇಟರ್ ಸೂತ್ರ ಏನು ಮಾಡುತ್ತದೆ? ವರ್ಗಗಳನ್ನು ಕೂಡಿಸುತ್ತದೆ: 7500.600014. ಮೊತ್ತದ ವರ್ಗವನ್ನು ಮೂರರಿಂದ ಭಾಗಿಸುತ್ತದೆ: 7500.600012. ಕಳೆದರೆ ಉಳಿಯುವುದು 0.000002. ಅದರ ಅರ್ಧದ ವರ್ಗಮೂಲವೇ ನಮ್ಮ 0.001. ಈಗ ಎಂಟೇ ಅಂಕಿ ಹಿಡಿದಿಡಬಲ್ಲ ಪ್ರೋಗ್ರಾಮಿಗೆ ಇದನ್ನು ಕೊಡಿ. ಎರಡೂ ಕಡೆ 7500.6000 ಆಗಿ, ಉತ್ತರ ಸೊನ್ನೆ ಬರುತ್ತದೆ. ಅಂದರೆ ನಿಮ್ಮ ಶಾಫ್ಟ್‌ಗಳಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ! ಗ್ರಾಹಕನಿಗೆ ತೋರಿಸಲು ಇದಕ್ಕಿಂತ ಚೆಂದದ ರಿಪೋರ್ಟ್ ಸಿಕ್ಕೀತೆ?

ಇದನ್ನು ಪುಸ್ತಕದ ಭಯವೆಂದು ತಳ್ಳಿಹಾಕುವಂತಿಲ್ಲ. ಎಕ್ಸೆಲ್ ಹೆಚ್ಚು ಅಂಕಿ ಹಿಡಿದಿಡುತ್ತದಾದರೂ 2003ರ ಆವೃತ್ತಿಗೆ ಮುಂಚೆ ಇದೇ ಜಾಡಿನ ಸೂತ್ರ ಬಳಸುತ್ತಿತ್ತು. ದೊಡ್ಡ ಸಂಖ್ಯೆಗಳಲ್ಲಿ ಎಡವುತ್ತಿತ್ತು. 1988ರಲ್ಲಿ ಅಮೆರಿಕದಲ್ಲಿ, ಸಿಎಂಎಂ ಸಾಫ್ಟ್‌ವೇರ್‌ಗಳ ಲೆಕ್ಕದಲ್ಲಿ ತಪ್ಪಿದೆ ಎಂದು ಉದ್ಯಮಗಳಿಗೆ ಎಚ್ಚರಿಕೆ ಹೋಯಿತು. ಆಮೇಲೆ ಅಳತೆಯ ಮಾನಕಗಳನ್ನು ಕಾಯುವ ಅಲ್ಲಿನ ನಿಸ್ಟ್, ಜರ್ಮನಿಯ ಪಿಟಿಬಿ ಸಂಸ್ಥೆಗಳು ಉತ್ತರ ಮೊದಲೇ ಗೊತ್ತಿರುವ ಬಿಂದುಗಳನ್ನು ಸಾಫ್ಟ್‌ವೇರಿಗೆ ತಿನ್ನಿಸಿ ಪರೀಕ್ಷಿಸುವ ಪದ್ಧತಿ ಬೆಳೆಸಿದವು. 2001ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10360ರ ಆರನೆಯ ಭಾಗವಾಯಿತು.

ಐಎಸ್ಒ 9001ರ 2008ರ ಆವೃತ್ತಿಯೂ ಇದನ್ನೇ ಕೇಳುತ್ತಿತ್ತು: ಅಳತೆಗೆ ಬಳಸುವ ಸಾಫ್ಟ್‌ವೇರ್ ಆ ಕೆಲಸಕ್ಕೆ ತಕ್ಕುದೆಂದು ಬಳಸುವ ಮುಂಚೆಯೇ ಖಚಿತಪಡಿಸಿಕೊಳ್ಳಿ, ಅಗತ್ಯ ಬಿದ್ದಾಗ ಮತ್ತೆ ನೋಡಿ. ಆದರೂ ಆಡಿಟ್ ದಿನ ಎಲ್ಲರ ಕಣ್ಣು ಹೋಗುವುದು ವರ್ನಿಯರ್ ಮೇಲಿನ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಕಡೆಗೆ. ಹೋದ ವಾರ ಅಪ್‌ಡೇಟ್ ಆದ ಸಾಫ್ಟ್‌ವೇರಿಗೆ ಅಂಟಿಸಲು ಸ್ಟಿಕ್ಕರೇ ಇಲ್ಲವಲ್ಲ!

ನನ್ನ ಮಟ್ಟಿಗೆ ಹೆಚ್ಚು ಅಪಾಯ ಪೇಟೆಯಲ್ಲಿ ಕೊಂಡ ಪ್ಯಾಕೇಜಿನದಲ್ಲ. ಅದನ್ನು ಸಾವಿರ ಜನ ಬಳಸಿ ಬಯ್ದಿರುತ್ತಾರೆ. ಕೆಲಸ ಬಿಟ್ಟುಹೋದ ಯಾರೋ ಬರೆದಿಟ್ಟ ಎಕ್ಸೆಲ್ ಹಾಳೆಯದು. ಅದರ ಸೂತ್ರವನ್ನು ಯಾರೂ ತೆರೆದು ನೋಡಿರುವುದಿಲ್ಲ. ಉತ್ತರ ಗೊತ್ತಿರುವ ಒಂದಿಷ್ಟು ಅಂಕಿಗಳನ್ನು ತೆಗೆದಿಟ್ಟುಕೊಂಡು, ಮೊದಲ ದಿನವೂ ಪ್ರತಿ ಅಪ್‌ಡೇಟ್ ಆದಮೇಲೂ ಓಡಿಸಿ, ಆವೃತ್ತಿ ಮತ್ತು ತಾರೀಖು ಬರೆದಿಟ್ಟರೆ ಕೆಲಸ ಮುಗಿಯಿತು. ಅರ್ಧ ಗಂಟೆ ಸಾಕು.

ಇವತ್ತೇ ನಿಮ್ಮ ಹಾಳೆಗೆ 50.001, 50.002, 50.003 ಹಾಕಿ ನೋಡಿ. ಸ್ಟ್ಯಾಂಡರ್ಡ್ ಡೀವಿಯೇಷನ್ 0.001 ಬರಬೇಕು.