ನೀರ ಮೇಲೆ ಮಂಡಿಯೂರಿ

ಬೆಂಗಳೂರು ದಂಡು ಪ್ರದೇಶದ ಹಲಸೂರು ಕೆರೆಯ ಮಗ್ಗುಲಲ್ಲಿ ನೆಲೆಯೂರಿರುವ ಮದ್ರಾಸ್ ಇಂಜಿನಿಯರ್ ಗ್ರೂಪ್, 1780ರಲ್ಲಿ ಹುಟ್ಟಿದ ಸೇನಾದಳ. ಸೇತುವೆ ಕಟ್ಟುವುದು, ದಂಡನ್ನು ಹೊಳೆ ದಾಟಿಸುವುದು ಮೊದಲಾದ ಕೆಲಸಗಳನ್ನೇ ವೃತ್ತಿಯಾಗಿ ಉಳ್ಳ ಇಲ್ಲಿನ ಸ್ಯಾಪರ್‌ಗಳಿಗೆ ‘ಓಬಿಎಂ’ ಎಂಬುದು ದಿನಬಳಕೆಯ ಮಾತು. ಅದು ಔಟ್‌ಬೋರ್ಡ್ ಮೋಟಾರ್ ಎಂಬುದರ ಮೊಟಕು ರೂಪ. ದೋಣಿಯ ಒಡಲೊಳಗೆ ಕೂರದೆ ಅದರ ಹಿಂಬದಿಯ ಹಲಗೆಗೆ ತಿರುಪುಗಳಿಂದ ಬಿಗಿದುಕೊಂಡು ಹೊರಗೆ ತೂಗುವ ಈ ಯಂತ್ರದಲ್ಲಿ ಎಂಜಿನ್, ಅದರಿಂದ ಕೆಳಗಿಳಿಯುವ ದಂಡ ಮತ್ತು ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್ ಮೂರೂ ಒಂದೇ ಘಟಕವಾಗಿರುತ್ತವೆ, ಮತ್ತು ಇಡೀ ಯಂತ್ರವನ್ನು ಎಡಕ್ಕೋ ಬಲಕ್ಕೋ ಹೊರಳಿಸಿದರೆ ದೋಣಿಯೂ ತಿರುಗುವುದರಿಂದ ಬೇರೆ ಚುಕ್ಕಾಣಿ ಬೇಕಾಗುವುದಿಲ್ಲ. ನಮ್ಮಲ್ಲಿ ಸೈನ್ಯಕ್ಕೂ ನೆರೆಯ ಕಾಲದ ರಕ್ಷಣಾ ಕಾರ್ಯಕ್ಕೂ ಒದಗುವ ಇದೇ ಯಂತ್ರವನ್ನು ಹಗುರವಾದ ಮರದ ದೋಣಿಗೆ ಕಟ್ಟಿ ಪಂದ್ಯಕ್ಕೆ ಓಡಿಸುವ ಪದ್ಧತಿ ಅಮೆರಿಕದಲ್ಲಿ ಸುಮಾರು ನೂರು ವರ್ಷಗಳಿಂದ ಬೆಳೆದು ಬಂದಿದೆ. ಗಂಡಸರ ಆಟವೆಂದು ಮೇಲುನೋಟಕ್ಕೆ ತೋರುವ ಈ ಕ್ರೀಡೆಯಲ್ಲಿ ಮಹಿಳೆಯರು ಮೊದಲಿನಿಂದಲೂ ಇದ್ದರು. ಅವರ ನೆನಪುಗಳು ಎಂಜಿನ್ನುಗಳಷ್ಟು ಜೋಪಾನವಾಗಿ ಉಳಿದಿಲ್ಲ ಎಂಬುದೇ ಕೊರತೆ.

ಪಂದ್ಯದ ದೋಣಿಯನ್ನು ಹೈಡ್ರೋಪ್ಲೇನ್ ಎನ್ನುತ್ತಾರೆ. ಸಾಮಾನ್ಯ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ, ಆದ್ದರಿಂದ ವೇಗ ಹೆಚ್ಚಿದಷ್ಟೂ ನೀರಿನ ತಡೆಯೂ ಹೆಚ್ಚುತ್ತದೆ. ಹೈಡ್ರೋಪ್ಲೇನ್ ಹಾಗಲ್ಲ. ಕೆರೆಯ ದಂಡೆಯಲ್ಲಿ ನಿಂತ ಮಕ್ಕಳು ಚಪ್ಪಟೆಯಾದ ಹೆಂಚಿನ ಚೂರನ್ನು ಓರೆಯಾಗಿ ಬೀಸಿ ನೀರಿನ ಮೇಲೆ ಕಪ್ಪೆ ಹಾರಿಸುವಾಗ ಆ ಚೂರು ಮುಳುಗದೆ ಪುಟಿಯುತ್ತ ಸಾಗುವುದಷ್ಟೆ. ಅದೇ ತತ್ತ್ವದಿಂದ, ತಕ್ಕಷ್ಟು ವೇಗ ಬಂದೊಡನೆ ಈ ದೋಣಿ ನೀರಿನಿಂದ ಮೇಲೆದ್ದು ಅದರ ಮೈಯನ್ನು ಸವರಿಕೊಂಡು ಓಡುತ್ತದೆ. 1930ರ ದಶಕದಲ್ಲಿ ನ್ಯೂಜೆರ್ಸಿಯ ವೆಂಟ್ನರ್ ದೋಣಿ ಕಾರ್ಖಾನೆಯ ಏಪಲ್ ಮನೆತನದವರು ಮುಂಭಾಗದ ಎರಡೂ ಪಕ್ಕೆಗಳಲ್ಲಿ ಸ್ಪಾನ್ಸನ್ ಎಂಬ ಉಬ್ಬುಗಳನ್ನಿಟ್ಟು ಕಟ್ಟಿದ ಮಾದರಿ ಹೆಸರಾಯಿತು. ಪೂರ್ಣ ವೇಗದಲ್ಲಿ ಅಂಥ ದೋಣಿ ಎರಡು ಉಬ್ಬುಗಳ ತುದಿ ಮತ್ತು ಹಿಂಬದಿ, ಹೀಗೆ ಮೂರೇ ಕಡೆ ನೀರನ್ನು ಮುಟ್ಟುತ್ತದೆ, ಉಳಿದ ಒಡಲಿನ ಕೆಳಗೆ ಗಾಳಿ ಹರಿಯುತ್ತದೆ. ಆ ಗಾಳಿ ಮಿತಿಮೀರಿದರೆ ದೋಣಿಯ ಮೂತಿ ಮೇಲೆದ್ದು ಮಗುಚಿಬೀಳುತ್ತದೆ. ಕಡಿಮೆಯಾದರೆ ನೀರು ಹಿಡಿದು ನಿಲ್ಲಿಸುತ್ತದೆ. ಇವೆರಡರ ನಡುವಣ ಸಮತೂಕವನ್ನು ಓಡಿಸುವವರು ಮೈಯಿಂದಲೇ ಕಾಯಬೇಕು.

ಆದ್ದರಿಂದಲೇ ಸಣ್ಣ ಹೈಡ್ರೋಪ್ಲೇನಿನಲ್ಲಿ ಆಸನವಿಲ್ಲ. ಓಡಿಸುವವರು ದೋಣಿಯ ತಳದಲ್ಲಿ ಮಂಡಿಯೂರಿ, ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದು ಕೈಯಲ್ಲಿ ವೇಗದ ಹಿಡಿಯನ್ನು ಅದುಮಿಕೊಂಡು, ನೇರ ದಾರಿಯಲ್ಲಿ ಮುಂದಕ್ಕೆ ಬಾಗಿ, ತಿರುವಿನಲ್ಲಿ ಒಳಮಗ್ಗುಲಿಗೆ ಮೈ ಚಾಚಿ ಭಾರವನ್ನು ಸರಿಸುತ್ತಿರುತ್ತಾರೆ. ವೇಗದ ಹಿಡಿಗೆ ಸ್ಪ್ರಿಂಗ್ ಇರುವುದರಿಂದ ಕೈಬಿಟ್ಟರೆ ಎಂಜಿನ್ ತಾನಾಗಿ ಇಳಿಯುತ್ತದೆ; ಸವಾರರು ನೀರಿಗೆ ಬಿದ್ದಾಗ ಅವರ ಜೀವ ಉಳಿಸುವ ಏರ್ಪಾಡು ಅದು. ಅಲೆಗಳ ಪ್ರತಿಯೊಂದು ಪೆಟ್ಟೂ ತೆಳು ಹಲಗೆಯ ಮೂಲಕ ನೇರವಾಗಿ ಮಂಡಿಚಿಪ್ಪಿಗೆ ತಾಗುತ್ತದೆ. ಆರಂಭವೂ ಓಟದ ಪಂದ್ಯದಂತೆ ನಿಂತಲ್ಲಿಂದಲ್ಲ: ದೋಣಿಗಳು ಮೊದಲೇ ಸುತ್ತುತ್ತಿದ್ದು, ದಂಡೆಯ ಮೇಲಿನ ದೊಡ್ಡ ಗಡಿಯಾರದ ಮುಳ್ಳು ಸೊನ್ನೆಗೆ ಬರುವ ಗಳಿಗೆಗೆ ಸರಿಯಾಗಿ, ಪೂರ್ಣ ವೇಗದಲ್ಲಿ ಗೆರೆ ದಾಟಬೇಕು. ಒಂದು ಕ್ಷಣ ಮುಂಚೆ ದಾಟಿದರೂ ಪಂದ್ಯ ಕೈತಪ್ಪಿತು.

ಈ ಕ್ರೀಡೆಯ ವಾಸನೆ ಕನ್ನಡಿಗರಿಗೆ ಅಪರಿಚಿತವಲ್ಲ. ಪಂದ್ಯಕ್ಕೆಂದೇ ಹದಗೊಳಿಸಿದ ಎರಡು ಹೊಡೆತದ ಎಂಜಿನ್ನುಗಳಿಗೆ ಪೆಟ್ರೋಲಿನ ಬದಲು ಮೆಥನಾಲ್ ಎಂಬ ಮದ್ಯಸಾರವನ್ನೂ, ಒಳಭಾಗಗಳು ಉಜ್ಜಿ ಸುಡದಂತೆ ಅದರೊಡನೆ ಹರಳೆಣ್ಣೆಯನ್ನೂ ಬೆರೆಸಿ ಹಾಕುತ್ತಿದ್ದರು; ಖನಿಜ ತೈಲ ಮೆಥನಾಲಿನಲ್ಲಿ ಕರಗದು, ಹರಳೆಣ್ಣೆ ಕರಗುತ್ತದೆ, ಅಲ್ಲದೆ ವಿಪರೀತ ಕಾವಿನಲ್ಲೂ ಲೋಹದ ಮೇಲಿನ ಪೊರೆಯನ್ನು ಬಿಟ್ಟುಕೊಡದು. ನಮ್ಮಲ್ಲಿ ಎಣ್ಣೆನೀರಿನ ದಿನ ನೆತ್ತಿಗೆ ಒತ್ತುವ ಎಣ್ಣೆಯೇ ಅಲ್ಲಿ ಸುಟ್ಟು ಹೊಗೆಯಾಗಿ ಸರೋವರದ ಮೇಲೆ ಕವಿಯುತ್ತಿತ್ತು.

ಔಟ್‌ಬೋರ್ಡ್ ಯಂತ್ರದ ಕಥೆಯಲ್ಲಿಯೇ ಒಬ್ಬ ಮಹಿಳೆಯ ಪಾಲು ದೊಡ್ಡದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್, ವನಭೋಜನದ ದಿನ ಬೆಸ್ ಎಂಬ ತರುಣಿಗಾಗಿ ಐಸ್‌ಕ್ರೀಂ ತರಲು ಬಿಸಿಲಿನಲ್ಲಿ ಹುಟ್ಟುಹಾಕಿ ದಣಿದು, ದೋಣಿಗೆ ಎಂಜಿನ್ ಕಟ್ಟುವ ಯೋಚನೆ ಮಾಡಿದನೆಂಬ ದಂತಕಥೆ ಎಲ್ಲೆಡೆ ಪ್ರಚಲಿತವಾಗಿದೆ. ಆ ಕಥೆ ಬೆಸ್‌ಳನ್ನು ಐಸ್‌ಕ್ರೀಂ ಬಯಸಿದವಳನ್ನಾಗಿ ಮಾತ್ರ ಉಳಿಸಿಕೊಂಡಿರುವುದು ಅನ್ಯಾಯವೇ ಸರಿ. 1909ರಲ್ಲಿ ಮಾರಾಟ ಆರಂಭವಾದ, ಸುಮಾರು 28 ಕಿಲೋ ತೂಗುತ್ತಿದ್ದ ಆ ಯಂತ್ರದ ಜಾಹೀರಾತು ಬರೆದವಳೂ, ವ್ಯವಹಾರ ನೋಡಿಕೊಂಡವಳೂ ಓಲೆಯನ್ನು ಮದುವೆಯಾಗಿದ್ದ ಬೆಸ್ಸೇ. ಅವಳ ಆರೋಗ್ಯ ಕೆಟ್ಟದ್ದರಿಂದಲೇ ದಂಪತಿ ಕಂಪನಿಯನ್ನು ಬಿಟ್ಟುಕೊಟ್ಟರು. 1921ರಲ್ಲಿ ಅವರು ಅಲ್ಯೂಮಿನಿಯಂ ಬಳಸಿ ಸುಮಾರು 22 ಕಿಲೋಗೆ ಇಳಿಸಿದ ಎಲ್ಟೋ ಎಂಬ ಯಂತ್ರದೊಡನೆ ಮತ್ತೆ ಮಾರುಕಟ್ಟೆಗೆ ಬಂದರು. ಯಂತ್ರ ಹಗುರವಾಗುತ್ತ ಬಲವೂ ಏರುತ್ತ ಹೋದ ಆ ದಶಕದಲ್ಲಿಯೇ ಔಟ್‌ಬೋರ್ಡ್ ಪಂದ್ಯಗಳಿಗೆ ಜನ ಮುಗಿಬಿದ್ದರು.

ಪಂದ್ಯದಲ್ಲಿ ದೋಣಿಗಳನ್ನು ಎಂಜಿನ್ನಿನ ಗಾತ್ರಕ್ಕೆ ಅನುಗುಣವಾಗಿ ಎ, ಬಿ, ಸಿ ಎಂಬ ವರ್ಗಗಳಾಗಿ ವಿಂಗಡಿಸುತ್ತಾರೆ. ಬಲ ಸಮವಾದ ಮೇಲೆ ಗೆಲುವನ್ನು ನಿರ್ಧರಿಸುವುದು ತೂಕ, ಕೈಚಳಕ ಮತ್ತು ಗಡಿಯಾರದ ಅಂದಾಜು. ಹಗುರ ಮೈಯವರಿಗೆ ಇಲ್ಲಿ ಅನುಕೂಲವೇ ಹೊರತು ಅಡ್ಡಿಯಿಲ್ಲ. ಲಕ್ಷಾಂತರ ಡಾಲರ್ ಬೇಡುವ ದೊಡ್ಡ ದೋಣಿಗಳಂತಲ್ಲದೆ, ಮನೆಯ ಗ್ಯಾರೇಜಿನಲ್ಲಿ ಪ್ಲೈವುಡ್ಡಿನಿಂದ ಕಟ್ಟಿಕೊಳ್ಳಬಹುದಾದ ದೋಣಿ ಇದಾದ್ದರಿಂದ ಅಪ್ಪ, ಅಣ್ಣ, ಗಂಡಂದಿರ ಜೊತೆ ಹೆಣ್ಣುಮಕ್ಕಳೂ ನೀರಿಗಿಳಿದರು. ಕ್ಯಾಲಿಫೋರ್ನಿಯಾದ ಲೊರೆಟ್ಟಾ ಟರ್ನ್‌ಬುಲ್ ಎಂಬ ತರುಣಿ ಗಂಡಸರೊಡನೆ ಸಮಸಮನಾಗಿ ಔಟ್‌ಬೋರ್ಡ್ ಓಡಿಸಿ 1930ರ ದಶಕದ ಆರಂಭಕ್ಕಾಗಲೇ ಹೆಸರಾಗಿದ್ದಳು.

ಅಂದಿನ ಯಂತ್ರಗಳು ಇಂದು ವಿಂಟೇಜ್ ವಸ್ತುಗಳಾಗಿವೆ. ಅಮೆರಿಕದಲ್ಲಿ 1965ರಲ್ಲೇ ಹಳೆಯ ಔಟ್‌ಬೋರ್ಡ್ ಮೋಟಾರುಗಳ ಸಂಗ್ರಾಹಕರ ಸಂಘ ಹುಟ್ಟಿಕೊಂಡಿತು. ಹಳೆಯ ಸ್ಕೂಟರಿನ ಬಿಡಿಭಾಗಕ್ಕಾಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಜಾಲಾಡುವ ಬೆಂಗಳೂರಿಗರ ಶ್ರದ್ಧೆಯಿಂದಲೇ ಅಲ್ಲಿನವರು ಹಳೆಯ ಸಿಲಿಂಡರು, ಕಾರ್ಬ್ಯುರೇಟರುಗಳನ್ನು ಹುಡುಕಿ ಜೋಡಿಸಿ, ಬೇಸಿಗೆಯ ಕೂಟಗಳಲ್ಲಿ ಪ್ರದರ್ಶನದ ಸುತ್ತು ಹಾಕುತ್ತಾರೆ. ಆದರೆ ಲೋಹಕ್ಕೆ ಸಂಖ್ಯೆ ಕೊರೆದಿರುತ್ತದೆ, ನೆನಪಿಗೆ ಇರುವುದಿಲ್ಲ. ಹಗ್ಗ ಸುತ್ತಿ ಎಳೆದಾಗ ಯಾವ ಎಂಜಿನ್ ಹಟ ಹಿಡಿಯುತ್ತಿತ್ತು, ಗಾಳಿ ಎದ್ದ ದಿನ ತಿರುವಿನಲ್ಲಿ ಎಷ್ಟು ವಾಲಬೇಕಿತ್ತು, ಮುಂದಿನ ದೋಣಿ ಎರಚುವ ನೀರಿನಿಂದ ಕಣ್ಣು ಕಾಣದಾದಾಗ ದಾರಿ ಹೇಗೆ ತಿಳಿಯುತ್ತಿತ್ತು ಎಂಬುದು ಮಂಡಿಯೂರಿ ಕೂತವರಿಗಷ್ಟೇ ಗೊತ್ತು. ಅಂಥ ಮಹಿಳೆಯರ ಮಾತನ್ನು ಬರೆದಿಡದೆ ಬರಿಯ ಎಂಜಿನ್ನಿಗೆ ಹೊಳಪು ಕೊಡುವುದು ಅರ್ಧ ಕೆಲಸ.

ಬೆಂಗಳೂರಿನ ಮಟ್ಟಿಗೂ ಈ ಮಾತು ಸಲ್ಲುತ್ತದೆ. 2019ರಲ್ಲಿ ಮರಳುಗಾಡು, ಕಚ್ಚಾದಾರಿಗಳ ಬೈಕ್ ಪಂದ್ಯವಾದ ಬಾಜಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿಯನ್ನು ಗೆದ್ದ ಐಶ್ವರ್ಯಾ ಪಿಸ್ಸೆ ಇದೇ ನಗರದವರು. ಅದಕ್ಕೆ ಹಿಂದಿನ ವರ್ಷ ಸ್ಪೇನಿನ ಪಂದ್ಯದಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡಿದ್ದರು. ಇಂಥವರ ಅನುಭವವನ್ನು ಅವರ ಮಾತಿನಲ್ಲೇ ದಾಖಲಿಸಲು ಈಗಲೇ ಸಕಾಲ.

ಔಟ್‌ಬೋರ್ಡ್ ಹೈಡ್ರೋಪ್ಲೇನ್ ಇಂದಿಗೂ ಜನಜಂಗುಳಿಯ ನಡುವೆ ಓಡುವ ದೇಶ ಜಪಾನ್. ಕ್ಯೋತೆಯ್ ಎಂದು ಕರೆಯಲಾಗುವ ಅಲ್ಲಿನ ಪಂದ್ಯ 1952ರಲ್ಲಿ ನಾಗಸಾಕಿ ಪ್ರಾಂತ್ಯದ ಓಮುರಾದಲ್ಲಿ ಮೊದಲಾಯಿತು. 300 ಮೀಟರ್ ಅಂತರದ ಎರಡು ತೇಲುಗುರುತುಗಳನ್ನು ಆರು ದೋಣಿಗಳು ಮೂರು ಬಾರಿ ಸುತ್ತುತ್ತವೆ; ಸುಮಾರು 50 ಹೆಕ್ಟೇರಿನ ಹಲಸೂರು ಕೆರೆಯ ಅಳತೆಗೆ ಹೋಲಿಸಿದರೆ ಸಣ್ಣ ಅಂಗಳವೇ. ದೋಣಿಯೂ ಎಂಜಿನ್ನೂ ಸ್ಪರ್ಧಿಯ ಸ್ವಂತದ್ದಲ್ಲ, ಚೀಟಿ ಎತ್ತಿ ಹಂಚುತ್ತಾರೆ. ಕನಿಷ್ಠ ತೂಕ ಗಂಡಸರಿಗೆ 52 ಕಿಲೋ, ಹೆಂಗಸರಿಗೆ 47 ಕಿಲೋ; ಉಳಿದ ನಿಯಮಗಳೆಲ್ಲ ಇಬ್ಬರಿಗೂ ಒಂದೇ, ಒಂದೇ ಪಂದ್ಯದಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ಹೀಗಿದ್ದರೂ ಎಸ್‌ಜಿ ಎಂಬ ಅತ್ಯುನ್ನತ ದರ್ಜೆಯ ಪಂದ್ಯವನ್ನು ಹಲವು ದಶಕಗಳವರೆಗೆ ಯಾವ ಮಹಿಳೆಯೂ ಗೆದ್ದಿರಲಿಲ್ಲ. 2022ರ ಮಾರ್ಚ್‌ನಲ್ಲಿ ಎಂಡೋ ಎಮಿ ಎಂಬ ಆಟಗಾರ್ತಿ ಐವರು ಗಂಡಸರನ್ನು ಹಿಂದಿಕ್ಕಿ ಅದನ್ನು ಗೆದ್ದಳು. ಪಂದ್ಯ ನಡೆದದ್ದು ಓಮುರಾದ ನೀರಿನ ಮೇಲೆ.